ಕೋಚ್‌ನ ಬೈದಿದ್ದು ಸಾಕ್ರೀ!

ಬರೆದು ಮೂರು ತಿಂಗಳ ಮೇಲಾಯ್ತು. ಕಾರಣ ನಿಮಗೆಲ್ಲ ಗೊತ್ತಿದ್ದದ್ದೇ. ರಿಲೀಸು, ರಿಲೀಸಾದ ಮೇಲೆ ಬಗ್ಗು, ಅದನ್ನ ಸರಿ ಮಾಡಿದ್ರೆ ಇನ್ನೊಂದು ಬಗ್ಗು. ಇವತ್ತು ಮಾತ್ರ ಬರೀದೇ ಇರೋಕಾಗ್ಲಿಲ್ಲ, ಯಾಕಂದ್ರೆ ಸಿಟ್ಟು ಬಂದಿದೆ. ಯಾರ ಮೇಲೆ ಅಂದ್ರೆ ಫುಟ್‌ಬಾಲ್ ಅಭಿಮಾನಿಗಳ ಮೇಲೆ. ಅವರಲ್ಲಿ ನಾನೂ ಒಬ್ಬ, ಆದ್ದರಿಂದ ಬೈಯೋ ಹಕ್ಕು ಇದೆ ಅಂದ್ಕೊಂಡಿದೀನಿ.

(ಫುಟ್‌ಬಾಲ್ ಅಂದ್ರೆ ಆಗದವರು ಇಲ್ಲಿಂದಲೇ ಎದ್ದು ಹೋಗಬಹುದು. ಆದ್ರೆ 2025ರಲ್ಲಿ ಗೆಲ್ಲೋ ತನಕ ಹದಿನೇಳು ವರ್ಷ ಆರ್‌ಸಿಬಿಯ ಒಬ್ಬೊಬ್ಬರನ್ನೇ ಹಿಡಿದು ಬೈದವರು ಸ್ವಲ್ಪ ಕೂತ್ಕೊಳ್ಳಿ. ನಿಮಗೂ ಸೇರಿದ್ದೇ ಇದು.)

ನಾನು ಹಟ್ಟಿಯವನು. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು, ಚಿನ್ನದ ಗಣಿಯ ಹಟ್ಟಿ. ಬರೀ ಹಟ್ಟಿ ಅಂದ್ರೆ ಬೆಂಗಳೂರಲ್ಲಿ ಕಾಫಿ ಅಂಗಡಿ ಅಂದ್ಕೋತಾರೆ :-) 2015ರಲ್ಲಿ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದೆ. ಮರುವರ್ಷ ಅಕ್ಟೋಬರ್ 19ರಂದು ಹಾಸ್ಟೆಲಿನ ಸೀನಿಯರ್ ಒಬ್ಬ ಕಂಠೀರವ ಸ್ಟೇಡಿಯಮ್ಮಿಗೆ ಎಳ್ಕೊಂಡು ಹೋದ. ಬೆಂಗಳೂರು ಎಫ್‌ಸಿಗೆ ಎಎಫ್‌ಸಿ ಕಪ್ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೋಹೊರ್, ಹಿಂದಿನ ವರ್ಷದ ಚಾಂಪಿಯನ್. ಮೊದಲ ಗೋಲು ಅವರದ್ದೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಜುವಾನನ್ ಒಂದು. 3-1! ಆ ಕಪ್ಪಿನ ಫೈನಲ್ಲಿಗೆ ಹೋದ ಮೊದಲ ಭಾರತೀಯ ಕ್ಲಬ್ಬು, ಅದೂ ಹುಟ್ಟಿ ಮೂರೇ ವರ್ಷ ಆಗಿತ್ತು. ಪಕ್ಕದಲ್ಲಿ ನಿಂತಿದ್ದ, ಹೆಸರೂ ಗೊತ್ತಿಲ್ಲದ ಒಬ್ಬರು ಅತ್ತುಬಿಟ್ರು. ನಾನೂ ಅತ್ತೆ. ಅವತ್ತಿಂದ ಹುಚ್ಚು ಹಿಡೀತು.

ಹುಚ್ಚಿನ ಜೊತೆ ಒಂದು ಕೋರ್ಟೂ ಸೇರ್ಕೊಂಡಿತು. ಒಂಬತ್ತು ಜನ ಗೆಳೆಯರ ಗುಂಪು. ಗೆದ್ದರೆ ಎರಡು ಮಾತು, ಸೋತರೆ ರಾತ್ರಿ ಎರಡು ಗಂಟೆ ತನಕ ವಿಚಾರಣೆ. ಆರೋಪಿ ನಂಬರ್ ಒಂದು ಕೋಚ್, ಎರಡು ಛೆಟ್ರಿ, ಮೂರು ಮಾಲೀಕರು. ಸಾಕ್ಷಿಗೆ ಎಲ್ಲರೂ ರೆಡಿ, ತೀರ್ಪು ಮೊದಲೇ ಬರೆದಿಟ್ಟಿರ್ತೀವಿ.

ಸೈಮನ್ ಗ್ರೇಸನ್ ಕತೆ ನೋಡಿ. 2022ರ ಸೆಪ್ಟೆಂಬರಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟ. ಆ ಸೀಸನ್ನಿನ ಐಎಸ್‌ಎಲ್‌ನಲ್ಲಿ ಮುಳುಗಿದ್ದ ತಂಡವನ್ನ ಸತತ ಎಂಟು ಪಂದ್ಯ ಗೆಲ್ಲಿಸಿ ನಾಲ್ಕನೇ ಸ್ಥಾನಕ್ಕೆ ತಂದ, 2023ರ ಮಾರ್ಚಿನ ಫೈನಲ್ಲಿಗೂ ಒಯ್ದ. ಪೆನಾಲ್ಟಿಯಲ್ಲಿ ಸೋತರೂ ಗುಂಪಿನಲ್ಲಿ ಅವನಿಗೆ ಪೂಜೆ ಮಾಡೋದೊಂದು ಬಾಕಿ ಇತ್ತು. ಒಂಬತ್ತೇ ತಿಂಗಳು. ಡಿಸೆಂಬರ್ 8ಕ್ಕೆ ನಮ್ಮ ಕಂಠೀರವದಲ್ಲೇ ಮುಂಬೈ ಸಿಟಿ ನಾಲ್ಕು ಗೋಲು ಹೊಡೀತು, ನಮ್ಮದು ಸೊನ್ನೆ. ಮರುದಿನ ಗ್ರೇಸನ್ ಮನೆಗೆ. ನಮ್ಮ ಗುಂಪಿನಲ್ಲಿ ದೀಪಾವಳಿ. ಜೆರಾರ್ಡ್ ಝರಗೋಝಾ ಬಂದರು, ಇನ್ನು ನೋಡ್ತಾ ಇರಿ ಅಂದ್ವಿ. ನೋಡಿದ್ವಿ. 2024ರ ಏಪ್ರಿಲ್‌ನಲ್ಲಿ ಅದೇ ಕಂಠೀರವದಲ್ಲಿ ಮೋಹನ್ ಬಗಾನ್ ಕೈಲಿ ಮತ್ತೆ 4-0. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಮುಂದಿನ ವರ್ಷ ಅದೇ ಝರಗೋಝಾ ಫೈನಲ್ಲಿಗೆ ಕರ್ಕೊಂಡು ಹೋದಾಗ ಆತ ಮಹಾ ಬುದ್ಧಿವಂತ. 2025ರ ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಒಂದು ಗೋಲು ಮುಂದಿದ್ದು ಎಕ್ಸ್‌ಟ್ರಾ ಟೈಮಲ್ಲಿ 2-1 ಸೋತ ಮೇಲೆ ಅವನಿಗೆ ಸಬ್‌ಸ್ಟಿಟ್ಯೂಷನ್ ಮಾಡೋಕೇ ಬರಲ್ಲ! ಮೂರು ಸಾಲಿನ ಪೈಥಾನ್ ಕೋಡು ನೆಟ್ಟಗೆ ಬರೀದ ನನ್ನ ಗೆಳೆಯ ಇದನ್ನ ಹೇಳ್ತಾನೆ.

ಛೆಟ್ರಿ ಮೇಲಿನ ಆರೋಪ ಇನ್ನೂ ಮಜಾ. "ಆತ ಜಾಗ ಬಿಡ್ತಿಲ್ಲ, ಹುಡುಗರು ಮೇಲೆ ಬರೋಕಾಗ್ತಿಲ್ಲ." 2024ರ ಜೂನಲ್ಲಿ ಭಾರತ ತಂಡದಿಂದ ನಿವೃತ್ತನಾಗಿ ಜಾಗ ಬಿಟ್ಟ ಮಾರಾಯ. ಯಾರು ಬಂದರು? 2025ರ ಮಾರ್ಚಲ್ಲಿ ಆತನನ್ನೇ ವಾಪಸ್ ಕರೆದರು. ಆ ಸೀಸನ್ನಿನ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಎಲ್ಲರಿಗಿಂತ ಮುಂದಿದ್ದವನು ನಲವತ್ತು ವರ್ಷದ ಈ ಮನುಷ್ಯ. ಈ ದೇಶದಲ್ಲಿ ನಲವತ್ತರ ಒಬ್ಬನನ್ನ ಹಿಂದೆ ಹಾಕೋ ಇಪ್ಪತ್ತೈದರ ಸ್ಟ್ರೈಕರ್ ಇಲ್ಲ ಅಂದ್ರೆ ನಲವತ್ತರವನದ್ದು ತಪ್ಪಾ? ಕ್ಲಬ್ಬುಗಳೆಲ್ಲ ಗೋಲು ಹೊಡೆಯೋ ಜಾಗಕ್ಕೆ ಹೊರದೇಶದವರನ್ನೇ ತಂದು ನಿಲ್ಲಿಸ್ತಾರೆ. ಅದು ಅವರಿಗೆ ಸಲೀಸು, ಈ ವರ್ಷ ಗೆಲ್ಲಬೇಕಲ್ಲ. ನಾವು ಅಭಿಮಾನಿಗಳು ಕೇಳೋದೂ ಅದನ್ನೇ. "ಒಳ್ಳೇ ಫಾರಿನ್ ಸ್ಟ್ರೈಕರ್ ತನ್ನಿ" ಅಂತ ನಾನೇ ಹತ್ತು ಸಲ ಬರೆದಿದೀನಿ.

ಮಾಲೀಕರ ಪರ ವಕಾಲತ್ತು ಮಾಡೋಕೆ ನನಗೇನೂ ಬಾಕಿ ಬಿದ್ದಿಲ್ಲ. ಆದರೂ ಇದ್ದದ್ದು ಹೇಳ್ಬೇಕು. ಬಳ್ಳಾರಿ ಹತ್ತಿರದ ವಿಜಯನಗರದಲ್ಲಿ ಹುಡುಗರನ್ನ ಇಟ್ಟು ಕಲಿಸೋ ಅಕಾಡೆಮಿ ಮಾಡಿದ್ದು ಇದೇ ಕ್ಲಬ್ಬು. 2022ರಲ್ಲಿ ಶುರುವಾದ ಡೆವಲಪ್‌ಮೆಂಟ್ ಲೀಗಿನ ಮೊದಲ ಕಪ್ಪು ಗೆದ್ದದ್ದು ನಮ್ಮ ಹುಡುಗರು. ಅದರಲ್ಲಿ ಒಂದಾದ್ರೂ ಪಂದ್ಯ ನೋಡಿದವರು ನಮ್ಮ ಒಂಬತ್ತು ಜನರಲ್ಲಿ ಎಷ್ಟು? ಒಬ್ಬ. ಅವನೂ ಅರ್ಧ ನೋಡಿ ಮಲಗಿದ.

ಇಷ್ಟೆಲ್ಲ ಯಾಕೆ ತಲೆಗೆ ಹತ್ತಿತು ಅಂದ್ರೆ, ಮೊನ್ನೆ ಊರಿಗೆ ಹೋಗಿದ್ದೆ. ಸಂಜೆ ಬಸ್‌ಸ್ಟ್ಯಾಂಡ್ ಹತ್ರ ಒಗ್ಗರಣಿ-ಮಿರ್ಚಿ ತಿಂತಾ ನನ್ನ ಶಾಲೆ ಗೆಳೆಯನ ಮುಂದೆ ಇದೇ ಪುರಾಣ ಬಿಚ್ಚಿದೆ. ಆತ ಗಣಿಯೊಳಗೆ ಕಾಂಟ್ರ್ಯಾಕ್ಟ್ ಕೆಲಸ ಮಾಡ್ತಾನೆ. ಶಾಲೆಯಲ್ಲಿ ನನಗಿಂತ ಹತ್ತು ಪಾಲು ಚೆನ್ನಾಗಿ ಆಡ್ತಿದ್ದವನು. ಎಲ್ಲ ಕೇಳಿ ಆತ ಹೇಳಿದ್ದು ಇಷ್ಟು:

"ಅಲ್ಲಲೇ, ನಿಮ್ಮದೊಳ್ಳೇ ಕತಿ ಆತು. ಬಂಗಾರ ಕಡಿಮಿ ಬಂತು ಅಂತ ಅವತ್ತಿನ ಶಿಫ್ಟಿನ ಮೇಸ್ತ್ರಿನ್ನ ಹಿಡಿದು ಬಡದಂಗ."

ನಾನು ನಕ್ಕೆ. ಆತ ನಗಲಿಲ್ಲ.

ಮನೆಗೆ ಬಂದು ಅಪ್ಪನ ಹತ್ರ ಈ ಮಾತು ತೆಗೆದೆ. ಅಪ್ಪ ಮೂವತ್ತು ವರ್ಷ ಗಣಿಗೆ ಇಳಿದವರು, ಫುಟ್‌ಬಾಲ್ ಅವರಿಗೆ ಗೊತ್ತಿಲ್ಲ. ಆದ್ರೆ ಮೇಸ್ತ್ರಿ ಮಾತು ಕೇಳಿ ಒಂದು ತಾಸು ಪಾಠ ಮಾಡಿದರು. ನಾವು ಗಣಿಯೂರಿನ ಹುಡುಗರಾದ್ರೂ ಇದನ್ನ ಸರಿಯಾಗಿ ಕೇಳಿಸ್ಕೊಂಡಿರಲ್ಲ. ಅದಿರು ತೆಗೆಯೋದು ಕೊನೇ ಕೆಲಸ. ಅದಕ್ಕೂ ವರ್ಷಗಟ್ಟಲೆ ಮುಂಚೆ ಶಾಫ್ಟು ಇಳಿಸಬೇಕು, ಶಾಫ್ಟಿನಿಂದ ಅಡ್ಡಡ್ಡ ದಾರಿ ಕೊರೀಬೇಕು, ಅದಿರಿನ ಪಟ್ಟಿ ಎತ್ತ ಓಡಿದೆ ಅಂತ ಡ್ರಿಲ್ ಹಾಕಿ ಹುಡುಕಬೇಕು. ಇದಕ್ಕೆಲ್ಲ ಗಣಿಯಲ್ಲಿ ಡೆವಲಪ್‌ಮೆಂಟ್ ಅಂತಾರೆ. ಹಾಗೆ ದಾರಿ ಕೊರೆಯುವಾಗ ಹೊರಬರೋ ಎಷ್ಟೋ ಕಲ್ಲಲ್ಲಿ ಬಂಗಾರವೇ ಇರಲ್ಲ, ಬರೀ ಖರ್ಚು. ಅದಿರು ಸಿಕ್ಕ ಮೇಲೂ ಒಂದು ಟನ್ನಿಗೆ ಬರೋದು ಕೆಲವೇ ಗ್ರಾಂ.

"ಡೆವಲಪ್‌ಮೆಂಟ್ ಬಂದ್ ಮಾಡಿ ಎಲ್ಲಾ ಮಂದಿನ್ನೂ ಅದಿರು ತಗ್ಯಾಕ ಹಚ್ಚಿದ್ರ ಈ ವರ್ಷ ಬಂಗಾರ ಜಾಸ್ತಿನ ಬರ್ತದ ತಮ್ಮಾ," ಅಂದರು ಅಪ್ಪ. "ಸಾಹೇಬರಿಗೆ ಶಾಭಾಸ್ ಅಂತಾರ. ಐದು ವರ್ಷ ಆದಮ್ಯಾಲ ತಗ್ಯಾಕ ಏನೂ ಇರಂಗಿಲ್ಲ. ಆವಾಗ ಇದ್ದ ಸಾಹೇಬ ಬೈಸ್ಕೋತಾನ."

ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾವು ಬೈತಿರೋದೆಲ್ಲ ಆಗ ಇದ್ದ ಸಾಹೇಬನನ್ನೇ ತಾನೆ? (ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಹಿಂದಿನವನು ಬರೆದಿಟ್ಟು ಹೋದ ಕೋಡು, ಬೈಗುಳ ಮಾತ್ರ ಇವತ್ತು ಆನ್‌ಕಾಲ್ ಇದ್ದವನಿಗೆ.)

ಬೈಯೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳೀಬೇಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಭಾರತ ಯುಗೊಸ್ಲಾವಿಯಾ ಕೈಲಿ 10-1 ಸೋತಿತ್ತು. ಆಗ ದೇಶ ಬೈದದ್ದು ಬರಿಗಾಲನ್ನ. ಬೂಟು ಕಡ್ಡಾಯ ಆಯ್ತು, ನಾಲ್ಕೇ ವರ್ಷಕ್ಕೆ ಮೆಲ್ಬರ್ನಲ್ಲಿ ನಾಲ್ಕನೇ ಸ್ಥಾನ. ಬರೀ ಬೂಟಿನಿಂದ ಬಂತು ಅಂತ ಯಾರೂ ಹೇಳಲ್ಲ, ಆದ್ರೆ ಬೈದದ್ದಕ್ಕೆ ಒಂದು ಕೆಲಸವಾದ್ರೂ ಆಯ್ತು. ನಮ್ಮ ಬೈಗುಳದಿಂದ ಏನಾಗಿದೆ? ಏರ್‌ಪೋರ್ಟಿನಲ್ಲಿ ಒಬ್ಬ ಇಳೀತಾನೆ, ಇನ್ನೊಬ್ಬ ಹತ್ತುತಾನೆ. ದೇಶದ ತಂಡದ್ದೂ ಇದೇ ಹಾಡು. 2024ರ ಜೂನಲ್ಲಿ ಇಗೊರ್ ಸ್ಟಿಮಾಚ್‌ನ ತೆಗೆದರು. ಆತ ಫೆಡರೇಷನ್ನನ್ನ ಬೈದ, ಫೆಡರೇಷನ್ ಆತನನ್ನ. ಆಮೇಲೆ ಬಂದ ಮನೋಲೊ ಮಾರ್ಕೆಸ್ ಎಂಟು ಪಂದ್ಯದಲ್ಲಿ ಒಂದು ಗೆದ್ದು ಹೋದರು. ಖಾಲಿದ್ ಜಮೀಲ್ ಬಂದರು, ಸಿಂಗಾಪುರದ ಕೈಲಿ ಸೋತು ಏಷ್ಯನ್ ಕಪ್ ತಪ್ಪಿತು, 2025ರ ನವೆಂಬರ್ 18ಕ್ಕೆ ಢಾಕಾದಲ್ಲಿ ಬಾಂಗ್ಲಾದೇಶದ ಕೈಲೂ ಸೋತೆವು. 2023ರಲ್ಲಿ ಬೆಂಗಳೂರಲ್ಲಿ ಸ್ಯಾಫ್ ಕಪ್ ಗೆದ್ದಾಗ ಸುಮಾರು ನೂರರಲ್ಲಿದ್ದ ರ‍್ಯಾಂಕು ಆ ತಿಂಗಳು 142ಕ್ಕೆ ಬಂತು. ಮೂರು ಕೋಚು, ಮೂರು ವಿಚಾರಣೆ, ಮೂರೂ ಸಲ ಶಿಕ್ಷೆ.

ಇನ್ನೊಂದು ಹೇಳ್ತೀನಿ, ಇದು ನನಗೇ ನಾಚಿಕೆ ಆಗೋ ವಿಷಯ. 2023ರ ಮಾರ್ಚ್ 3. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್. ಎಕ್ಸ್‌ಟ್ರಾ ಟೈಮಲ್ಲಿ ಕೇರಳದವರು ರೆಡಿ ಆಗೋಕೆ ಮುಂಚೆನೇ ಛೆಟ್ರಿ ಫ್ರೀಕಿಕ್ ಹೊಡೆದ, ಗೋಲು ಕೊಟ್ಟರು, ಅವರ ಕೋಚ್ ಆಟಗಾರರನ್ನ ಕರ್ಕೊಂಡು ಮೈದಾನ ಬಿಟ್ಟೇ ಹೋದ. ತಪ್ಪು ರೆಫ್ರಿದಾ, ಛೆಟ್ರಿದಾ, ಆ ಕೋಚ್‌ದಾ ಅಂತ ನಾವು ಒಂದು ವಾರ ಕಚ್ಚಾಡಿದ್ವಿ. ಮಲಯಾಳಿ ಗೆಳೆಯನೊಬ್ಬ ನನ್ನ ಜೊತೆ ಮಾತೇ ಬಿಟ್ಟ.

ಮರುದಿನ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದ ಮೇಲೆ! ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಸುನಿಲ್ ಕುಮಾರ್, ಬೇಕೆ ಓರಮ್, ರಾಬಿನ್ ಯಾದವ್ ಗೋಲು ಹೊಡೆದವರು. ನಮ್ಮ ಗುಂಪಿನಲ್ಲಿ ಅವತ್ತು ಇದರ ಬಗ್ಗೆ ಒಂದು ಸಾಲು ಇಲ್ಲ. ಈಗ ಹಳೇದನ್ನೆಲ್ಲ ತೆಗೆದು ಹುಡುಕಿ ನೋಡಿದೆ. ಇಲ್ಲ ಅಂದ್ರೆ ಇಲ್ಲ. ಗೆದ್ದ ಹುಡುಗರಲ್ಲಿ ಎಷ್ಟೋ ಜನ ಆಡಿ ಬೆಳೆದದ್ದು ಬೆಂಗಳೂರಿನ ಲೀಗಲ್ಲಿ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ. ಕೆಲಸಕ್ಕೆ ಸೇರಿದ ಮೇಲೆ ನಾನು ಅದರ ಮುಂದೆ ಬಸ್ಸಲ್ಲಿ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ. ಒಳಗೆ ಹೋದದ್ದು ಸೊನ್ನೆ ಸಲ. 1948ರ ಒಲಿಂಪಿಕ್ಸಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಅನ್ನೋದು ಗೊತ್ತಾದದ್ದೂ ಈಚೆಗೆ. ಬಾರ್ಸಿಲೋನಾದ ಎರಡನೇ ಗೋಲ್‌ಕೀಪರ್ ಹೆಸರು ಮಾತ್ರ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತಿದ್ದೆ.

ಹೋಗ್ಲಿ ಬಿಡಿ, ಇನ್ನೂ ದೊಡ್ಡದಿದೆ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದರು. ಫೆಡರೇಷನ್‌ಗೂ ಲೀಗ್ ನಡೆಸೋ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯೋದಿತ್ತು, ಮುಂದೇನು ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಆಗಸ್ಟಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಸೆಪ್ಟೆಂಬರ್, ಅಕ್ಟೋಬರ್ ಹೋಯ್ತು, ವರ್ಷದ ಕೊನೇವರೆಗೂ ಲೀಗು ಶುರುವಾಗಲಿಲ್ಲ. ಇದಕ್ಕಿಂತ ದೊಡ್ಡ ಸೋಲು ಯಾವುದಿದೆ? ಆ ತಿಂಗಳುಗಳಲ್ಲಿ ನಮ್ಮ ಕೋರ್ಟಿಗೆ ರಜೆ! ಯಾಕಂದ್ರೆ ಪೆನಾಲ್ಟಿ ತಪ್ಪಿಸಿದವನಿಲ್ಲ, ಹ್ಯಾಂಡ್‌ಬಾಲ್ ಮಾಡಿದವನಿಲ್ಲ, ಸಬ್‌ಸ್ಟಿಟ್ಯೂಷನ್ ಮಾಡದ ಕೋಚಿಲ್ಲ. ಬೈಯೋಕೆ ಮುಖ ಬೇಕು ನಮಗೆ. ಕಾಗದದ ಮೇಲೆ ಸೋತರೆ ಅದು ಸೋಲೇ ಅಲ್ಲ. ಹತ್ತನೇ ಸ್ಥಾನಕ್ಕೆ ಬಂದ ತಂಡ ಕೆಳಗಿನ ಲೀಗಿಗೆ ಯಾಕೆ ಇಳಿಯಲ್ಲ, ಕೆಳಗೆ ಗೆದ್ದವರ ಜಾಗ ಯಾವುದು, ಜಿಲ್ಲೆಗಳಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಗ್ತವೆ, ಇವನ್ನೆಲ್ಲ ಫೆಡರೇಷನ್ನಿಗೆ, ರಾಜ್ಯ ಸಂಸ್ಥೆಗೆ, ಕ್ಲಬ್ಬಿಗೆ ನಾವು ಒಂದು ಸಲವಾದ್ರೂ ಕೇಳಿದೀವಾ? ಅವರು ನೆಮ್ಮದಿಯಾಗಿ ಇರೋದು ನಮ್ಮಿಂದಲೇ. ಪ್ರತೀ ಸೋಲಿಗೂ ನಾವೇ ಒಬ್ಬ ಕುರಿಯನ್ನ ಹುಡುಕಿ ಕೊಡ್ತೀವಲ್ಲ.

ಊರಿಂದ ಹೊರಡೋ ಹಿಂದಿನ ಸಂಜೆ ಗೆಳೆಯ ಮೈದಾನಕ್ಕೆ ಕರ್ಕೊಂಡು ಹೋದ. ಮೈದಾನ ಅನ್ನಬೇಕು ಅಷ್ಟೇ. ಕಲ್ಲು, ಜಾಲಿ ಮುಳ್ಳು, ಗೋಲ್‌ಪೋಸ್ಟಿಗೆ ಎರಡು ಬಿದಿರು. ಮೊದಲ ಶಿಫ್ಟ್ ಮುಗಿಸಿ ಬಂದು ಆತ ಹತ್ತೊಂಬತ್ತು ಹುಡುಗರಿಗೆ ಆಡಿಸ್ತಾನಂತೆ. ನನಗೆ ಒಂದು ಸಲವೂ ಹೇಳಿರಲಿಲ್ಲ. ಯಾಕೋ ಹೇಳಿಲ್ಲ ಅಂದ್ರೆ, "ನೀ ಕೇಳಿದ್ಯೇನು?" ಅಂದ.

ಅವರಲ್ಲಿ ಒಬ್ಬ ಹದಿನೈದು ವರ್ಷದವ. ಕಟ್ಟುಮಸ್ತಾದ ಹುಡುಗ, ಎರಡೂ ಕಾಲಲ್ಲಿ ಹೊಡೀತಾನೆ, ಚೆಂಡು ಬರೋಕೆ ಮುಂಚೆ ತಲೆ ಎತ್ತಿ ನೋಡ್ತಾನೆ. ಇದನ್ನ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

"ಇಂವ ಇಲ್ಲಿ ತನಕ ಸೀಟಿ ಊದೋ ರೆಫ್ರಿ ಇದ್ದ ಪಂದ್ಯ ಎಷ್ಟು ಆಡ್ಯಾನ ಹೇಳು," ಅಂದ ಗೆಳೆಯ.

ಇಪ್ಪತ್ತು ಅಂದೆ.

"ಮೂರು. ಆಡೋ ಮಂದಿ ಅದಾರ ನಮ್ಮಲ್ಲಿ, ಎದುರಿಗೆ ಆಡೋ ಮಂದಿ ಇಲ್ಲ. ಬರೇ ನಮ್ಮ ನಮ್ಮೊಳಗ ಎಷ್ಟಂತ ಆಡಾದು?"

ಇನ್ನು ಹತ್ತು ವರ್ಷಕ್ಕೆ ಭಾರತ ಮತ್ತೆಲ್ಲೋ ಸೋತಿರುತ್ತೆ, ನಮ್ಮ ಒಂಬತ್ತು ಜನರ ಕೋರ್ಟು ಕೂತಿರುತ್ತೆ, ಆಗಿನ ಕೋಚಿಗೆ ಗಲ್ಲು ಕೊಟ್ಟಿರ್ತೀವಿ. ಆ ಹುಡುಗ ಆಗ ಬಹುಶಃ ಮೊದಲ ಶಿಫ್ಟಿಗೆ ಗಣಿಗೆ ಇಳೀತಿರ್ತಾನೆ.

ಬೆಂಗಳೂರಿಗೆ ವಾಪಸ್ ಬಂದು ಗುಂಪಿನಲ್ಲಿ ಇದನ್ನೆಲ್ಲ ಬರೆದೆ. ಇಬ್ಬರು ಹೆಬ್ಬೆರಳು ತೋರಿಸಿದರು, ಒಬ್ಬ "ಸೆಂಟಿ ಆಗ್ಬೇಡ ಮಗಾ" ಅಂದ. ಅದಕ್ಕೇ ನಿಮ್ಮ ಹತ್ರ ಬಂದಿದೀನಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್ಲು, ದೇವದುರ್ಗ, ಈ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ಹೇಳಿ: ನಿಮ್ಮೂರಲ್ಲಿ ಫುಟ್‌ಬಾಲ್ ಆಡೋ ಹುಡುಗರ ಗುಂಪು ಇದೆಯಾ? ಹದಿನಾರು ವರ್ಷದ ಒಳಗಿನವರು. ಬೂಟಿಲ್ಲದಿದ್ರೂ ನಡೆಯುತ್ತೆ. ಹಟ್ಟಿ ಬಿಟ್ಟು ಇನ್ನು ಮೂರು ತಂಡ ಸಿಕ್ಕರೆ ತಿಂಗಳಿಗೆ ಎರಡು ಭಾನುವಾರದಂತೆ ಪಂದ್ಯ ಇಡೋಣ ಅಂತ ಗೆಳೆಯ, ನಾನು ಮಾತಾಡ್ಕೊಂಡಿದೀವಿ. ಚೆಂಡು, ಟೆಂಪೋ ಬಾಡಿಗೆ, ಮಧ್ಯಾಹ್ನದ ಊಟ ನನ್ನದು. ರೆಫ್ರಿ ಕೆಲಸ ಗೊತ್ತಿರೋರು ಇನ್ನೂ ಯಾರೂ ಸಿಕ್ಕಿಲ್ಲ.