ಬೇಕು ಸಾಕುಗಳ ನಡುವೆ

ಪಶ್ಚಿಮಘಟ್ಟದ ಮಡಿಲಲ್ಲಿರುವ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯನ್ನು ಹೊರಗಿನವರು ನೆಮ್ಮದಿಯ ನಾಡೆಂದು ಭಾವಿಸುವುದು ಸಹಜ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮಂಜು, ಇಳಿಜಾರುಗಳಲ್ಲಿ ಹೆಮ್ಮರಗಳ ನೆರಳು, ನೆರಳಿನಡಿಯಲ್ಲಿ ಕಾಫಿಯ ಗಿಡ, ಕಣಿವೆಯಲ್ಲಿ ಗದ್ದೆ, ಹಳ್ಳದ ದಂಡೆಯಲ್ಲಿ ಸಿಳ್ಳಾರ ಹಕ್ಕಿಯ ಇನಿದನಿ. ನಗರದ ಗದ್ದಲದಿಂದ ಬೇಸತ್ತವರು ಎರಡು ದಿನ ಇಲ್ಲಿ ತಂಗಿ, “ಇಲ್ಲಿಯ ಜನ ಪುಣ್ಯವಂತರು” ಎಂದು ಹೇಳಿ ಹಿಂದಿರುಗುತ್ತಾರೆ. ಆ ಮಾತನ್ನು ಕೇಳಿದ ಬೆಳೆಗಾರನು ನಸುನಕ್ಕು ಸುಮ್ಮನಾಗುತ್ತಾನೆ. ಹೂಮಳೆ ಸಕಾಲಕ್ಕೆ ಬಂದೀತೇ? ಕೊಯ್ಲಿಗೆ ಆಳು ಸಿಕ್ಕಾರೇ? ಕಣದಲ್ಲಿ ಹರಡಿದ ಕಾಫಿ ಅಕಾಲದ ಮಳೆಗೆ ನೆನೆದೀತೇ? ಕಾಂಡಕೊರಕ ಹುಳು ಗಿಡವನ್ನು ಹೊಕ್ಕೀತೇ? ಎಲ್ಲವೂ ಸರಿಹೋದರೂ ಬೆಲೆ ನಿಂತೀತೇ? ಇವು ಅವನ ನಿದ್ದೆಗೆಡಿಸುವ ಪ್ರಶ್ನೆಗಳು. ಸುತ್ತಣ ಪ್ರಕೃತಿ ಪ್ರಶಾಂತವಾಗಿದ್ದ ಮಾತ್ರಕ್ಕೆ ಒಳಗಿನ ಮನಸ್ಸೂ ಪ್ರಶಾಂತವಾಗಿರಬೇಕೆಂಬ ನಿಯಮವೇನೂ ಇಲ್ಲ.

ಈ ಬಗೆಯ ಕಳವಳವನ್ನು ಇಂದು ‘ಒತ್ತಡ’ ಎಂದು ಕರೆಯುವುದು ರೂಢಿಯಾಗಿದೆ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದನು. ದೇಹಕ್ಕೆ ಒದಗುವ ಆಘಾತಗಳು ಬೇರೆ ಬೇರೆಯಾದರೂ ಅವುಗಳಿಗೆ ದೇಹ ತೋರುವ ಪ್ರತಿಕ್ರಿಯೆಯಲ್ಲಿ ಒಂದು ಸಾಮಾನ್ಯವಾದ ಬಗೆ ಇದೆ ಎಂಬುದೇ ಅದು. ಅಪಾಯ ಎದುರಾದಾಗ ಎದೆಬಡಿತ ಏರುತ್ತದೆ, ಉಸಿರು ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಮೂಡಿಗೆರೆಯ ತೋಟದ ದಾರಿಯಲ್ಲಿ ಮುಂಜಾನೆ ಕಾಡಾನೆ ಎದುರಾದವನಿಗೆ ಇದೇ ಶಕ್ತಿ ಓಡಲು ನೆರವಾಗುತ್ತದೆ. ಆನೆ ಹೋದ ಮೇಲೆ ದೇಹ ಮತ್ತೆ ತನ್ನ ಸ್ಥಿತಿಗೆ ಬರುತ್ತದೆ. ಆದರೆ ಸಾಲದ ಕಂತು, ನೆರೆಮನೆಯ ಏಳಿಗೆ, ಗಳಿಗೆಗೊಮ್ಮೆ ನೋಡುವ ಪೇಟೆಯ ಧಾರಣೆ, ಇವು ಆನೆಯಂತೆ ಬಂದು ಹೋಗುವ ಅಪಾಯಗಳಲ್ಲ. ಇವು ಮನೆಯೊಳಗೇ ಬಿಡಾರ ಹೂಡುತ್ತವೆ. ದೇಹ ಹಗಲಿರುಳೂ ಎಚ್ಚರದ ಗಂಟೆ ಬಾರಿಸುತ್ತಲೇ ಇರುತ್ತದೆ. ನಿದ್ದೆ ಕೆಡುವುದು, ರಕ್ತದ ಒತ್ತಡ ಏರುವುದು, ಮಾತು ಮಾತಿಗೂ ಸಿಡುಕುವುದು ಇದರ ಫಲ.

ಮಳೆಯನ್ನು ತರಿಸುವುದು, ಹುಳುವನ್ನು ಪೂರ್ತಿ ಇಲ್ಲವಾಗಿಸುವುದು, ಲೋಕದ ಮಾರುಕಟ್ಟೆಯನ್ನು ಆಳುವುದು ಯಾರ ಕೈಯಲ್ಲಿಯೂ ಇಲ್ಲ. ಕೈಯಲ್ಲಿರುವುದು ಬೇಕುಗಳ ಅಳತೆಯೊಂದೇ. ಅದನ್ನು ಯಾವಾಗ ನಿಗದಿಮಾಡಬೇಕೆಂಬುದರಲ್ಲಿ ಬಾಳಿನ ಜಾಣ್ಮೆ ಅಡಗಿದೆ. ಇದಕ್ಕೆ ಕಾಫಿಯ ಬೆಲೆಯ ಚರಿತ್ರೆಯೇ ಉತ್ತಮ ಪಾಠ.

1975ರ ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳ ಮೇಲೆ ಭೀಕರವಾದ ಹಿಮ ಸುರಿಯಿತು. 1977ರ ಹೊತ್ತಿಗೆ ನ್ಯೂಯಾರ್ಕ್ ಪೇಟೆಯಲ್ಲಿ ಒಂದು ಪೌಂಡ್ ಕಾಫಿಯ ಬೆಲೆ 3 ಡಾಲರನ್ನು ಮೀರಿತು. ಆಗ ಭಾರತದ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಿ ಕಂತುಕಂತಾಗಿ ಹಣ ಪಡೆಯುತ್ತಿದ್ದರು. ಲೋಕದ ಏರಿಳಿತ ಅವರನ್ನು ನೇರವಾಗಿ ತಟ್ಟುತ್ತಿರಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಹಂಚಿಕೆಯ ಕಟ್ಟುಪಾಡು ಮುರಿದುಬಿತ್ತು. 1992ರಿಂದ 1996ರ ವರೆಗೆ ಹಂತಹಂತವಾಗಿ ಇಲ್ಲಿಯ ಬೆಳೆಗಾರನಿಗೂ ಮುಕ್ತ ಮಾರಾಟದ ಹಕ್ಕು ದೊರೆಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಮತ್ತೆ ಹಿಮ. ಮತ್ತೆ ಬೆಲೆಯ ಏರಿಕೆ. 1997ರಲ್ಲಿ ಅದು ಪುನಃ 3 ಡಾಲರನ್ನು ದಾಟಿತು. ನಾಲ್ಕೇ ವರ್ಷ ಕಳೆದು, 2001ರಲ್ಲಿ, ಅದೇ ಪೇಟೆಯಲ್ಲಿ ಅದೇ ಕಾಫಿ ಅರ್ಧ ಡಾಲರಿಗೂ ಕೆಳಗಿಳಿಯಿತು. 2025ರ ಫೆಬ್ರುವರಿಯಲ್ಲಿ ಬೆಲೆ 4 ಡಾಲರನ್ನೂ ಮೀರಿ ಹೊಸ ದಾಖಲೆಯನ್ನು ಮಾಡಿತು. ಸಾವಿರಾರು ಮೈಲಿ ದೂರದಲ್ಲಿ ಬಿದ್ದ ಹಿಮ ಮಲೆನಾಡಿನ ಮನೆಯೊಂದರ ಮದುವೆಯ ವೈಭವವನ್ನು ನಿರ್ಧರಿಸುವಂತಾಯಿತು.

ಬೆಲೆ ಏರಿದಾಗ ಏನಾಗುತ್ತದೆ? ಒಳ್ಳೆಯ ವರ್ಷದ ಆದಾಯವನ್ನು ಪ್ರತಿವರ್ಷದ ಆದಾಯವೆಂದು ಮನಸ್ಸು ನಂಬಿಬಿಡುತ್ತದೆ. ಇದ್ದ ಮನೆಯನ್ನು ದುರಸ್ತಿ ಮಾಡುವ ಬದಲು ಹೊಸದಕ್ಕೆ ತಳಪಾಯ ಹಾಕುತ್ತಾರೆ. ಓಡುವ ಕಾರನ್ನು ಮಾರಿ ದೊಡ್ಡದನ್ನು ತರುತ್ತಾರೆ. ನೆಂಟರಿಷ್ಟರ ಎದುರು ಕಡಿಮೆಯಾಗಬಾರದೆಂದು ಸಮಾರಂಭಗಳನ್ನು ಹಿಗ್ಗಿಸುತ್ತಾರೆ. ಕೈಯಲ್ಲಿರುವ ಹಣ ಸಾಲದಿದ್ದರೆ ಮುಂದಿನ ಬೆಳೆಯ ಭರವಸೆಯ ಮೇಲೆ ಸಾಲ ಬರುತ್ತದೆ. ಬೆಲೆ ಇಳಿಯುತ್ತದೆ, ಸಾಲ ಮಾತ್ರ ಇಳಿಯುವುದಿಲ್ಲ. ಆ ಮೇಲೆ ಎಲ್ಲರೂ ಮಿತವ್ಯಯದ ಮಾತಾಡುತ್ತಾರೆ. ಆದರೆ ಬೆಲೆ ಕುಸಿದ ಮೇಲೆ ಆಡುವ ‘ಸಾಕು’ ಎಂಬ ಮಾತು ಸಂಯಮವೆನಿಸದು, ಅದು ನಿರುಪಾಯ. ಕೈ ತುಂಬಿರುವಾಗ, ಇನ್ನೂ ಕೊಳ್ಳುವ ಶಕ್ತಿ ಇರುವಾಗ ಆಡಿದ ‘ಸಾಕು’ ಮನುಷ್ಯನನ್ನು ಕಾಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಗಾದೆ. ಕಾಫಿ ನಾಡಿನಲ್ಲಿ ಹಾಸಿಗೆ ವರ್ಷಕ್ಕೊಂದು ಅಳತೆಯದು. ಅಲ್ಲಿ ಕಾಲು ಚಾಚಬೇಕಾದುದು ಅತ್ಯಂತ ಚಿಕ್ಕ ಹಾಸಿಗೆಯ ಅಳತೆಗೆ.

ಕಾಫಿಯ ಗಿಡವೇ ಈ ನೀತಿಯನ್ನು ಬೋಧಿಸುತ್ತದೆ. ಹೆಚ್ಚು ಫಸಲಿನ ಆಸೆಗೆ ನೆರಳಿನ ಮರಗಳನ್ನೆಲ್ಲ ಕಡಿದರೆ ಗಿಡ ಒಂದೆರಡು ವರ್ಷ ಕೊಂಬೆ ಕಾಣದಂತೆ ಕಾಯಿ ಬಿಡುವುದುಂಟು. ಆದರೆ ಅಷ್ಟು ಕಾಯಿಗಳನ್ನು ಸಾಕುವ ಶಕ್ತಿ ಎಲೆಗಳಿಗೂ ಬೇರಿಗೂ ಇರುವುದಿಲ್ಲ. ಎಲೆ ಉದುರುತ್ತದೆ, ಕೊಂಬೆ ತುದಿಯಿಂದ ಒಣಗುತ್ತ ಬರುತ್ತದೆ, ಮುಂದಿನ ವರ್ಷ ಹೂ ಕಟ್ಟಬೇಕಾದ ಚಿಗುರೇ ಇಲ್ಲವಾಗುತ್ತದೆ. ನೆರಳು ವಿಪರೀತವಾದರೂ ಹೂ ಕಡಿಮೆ. ಆದುದರಿಂದಲೇ ಅನುಭವಿಯಾದ ಬೆಳೆಗಾರ ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿಸಿ, ಬೇಕಾದಷ್ಟೇ ಬೆಳಕನ್ನು ಒಳಗೆ ಬಿಡುತ್ತಾನೆ. ಕೊಯ್ಲು ಮುಗಿದ ಮೇಲೆ ಗಿಡದ ಒಣರೆಂಬೆಗಳನ್ನು ಸವರಿಸುತ್ತಾನೆ. ಬೇಡದ ಚಿಗುರನ್ನು ತೆಗೆಸುತ್ತಾನೆ. ಗಿಡಕ್ಕೆ ಇಷ್ಟು ವಿವೇಕದಿಂದ ಮಿತಿಯನ್ನು ಕಲಿಸುವವನು ತನ್ನ ಸಂಸಾರಕ್ಕೆ ಅದನ್ನೇ ಅನ್ವಯಿಸಿಕೊಳ್ಳಲು ಮರೆಯುವುದು ವಿಚಿತ್ರವಲ್ಲವೇ?

ಹಿಂದಿನವರು ತೋಟವನ್ನು ಒಂದೇ ಬೆಳೆಯ ಮೇಲೆ ನಿಲ್ಲಿಸಲಿಲ್ಲ. ನೆರಳಿನ ಮರಕ್ಕೆ ಕರಿಮೆಣಸಿನ ಬಳ್ಳಿ, ತಗ್ಗಿನಲ್ಲಿ ಅಡಕೆ ಮತ್ತು ಬಾಳೆ, ತಂಪಿನ ಕೊಳ್ಳದಲ್ಲಿ ಏಲಕ್ಕಿ, ಗದ್ದೆಯಲ್ಲಿ ಮನೆಯ ಊಟಕ್ಕೆ ಬೇಕಾದ ಭತ್ತ, ಹಿತ್ತಿಲಲ್ಲಿ ತರಕಾರಿ. ಒಂದು ಕೈಬಿಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಇಂಥ ಸಣ್ಣ ಹಿಡುವಳಿಯ ಸಂಸಾರಕ್ಕೆ ಈ ಹಳೆಯ ಕ್ರಮ ಇಂದಿಗೂ ಆಸರೆಯಾಗಬಲ್ಲದು. ಆದಾಯದಲ್ಲಿ ಮೊದಲ ಪಾಲು ಅನ್ನ, ಆರೋಗ್ಯ, ಮಕ್ಕಳ ವಿದ್ಯೆಗೆ, ಎರಡನೆಯದು ತೋಟದ ಮಣ್ಣಿಗೆ ಮತ್ತು ದುಡಿಯುವವರಿಗೆ, ಮೂರನೆಯದು ಕೆಟ್ಟ ವರ್ಷಕ್ಕೆ, ಉಳಿದುದರಲ್ಲಿ ಸಂತೋಷಕ್ಕೆ. ಈ ಕ್ರಮದಲ್ಲಿ ಸಂತೋಷ ಕೊನೆಗೆ ಬಂದರೂ ಅದು ಭಯವಿಲ್ಲದ ಸಂತೋಷ.

ಅಗತ್ಯವೆಂದರೆ ಎಲ್ಲರಿಗೂ ಒಂದೇ ಅಳತೆಯೆಂದು ತಿಳಿಯಬಾರದು. ಇದಕ್ಕೆ ಮೂಡಿಗೆರೆಯೇ ಒಂದು ಹಿರಿಯ ನಿದರ್ಶನವನ್ನು ಕೊಟ್ಟಿದೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಪದವಿ ಪಡೆದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಅಧ್ಯಾಪಕ ವೃತ್ತಿಯ ಕಡೆಗೆ ಹೋಗದೆ ಈ ಸೀಮೆಗೆ ಬಂದು ಕಾಫಿ ಬೆಳೆಗಾರರಾದರು. ಮಹಾಕವಿ ಕುವೆಂಪು ಅವರ ಪುತ್ರನಿಗೆ ನಗರದ ಸನ್ಮಾನಗಳು ದೂರವಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ತೋಟ, ಬರವಣಿಗೆ, ಮೀನಿನ ಗಾಳ, ಹಕ್ಕಿಗಳ ಚಿತ್ರ ಹಿಡಿಯುವ ಕ್ಯಾಮೆರಾ. ಗಣಕಯಂತ್ರ ಬಂದಾಗ ಅದನ್ನೂ ಉತ್ಸಾಹದಿಂದ ಕಲಿತು, ಕನ್ನಡಕ್ಕೆ ಒಗ್ಗಿಸಲು ಶ್ರಮಿಸಿದರು. 2007ರ ಏಪ್ರಿಲ್ 5ರಂದು ತಮ್ಮ ‘ನಿರುತ್ತರ’ದಲ್ಲಿ ಕೊನೆಯುಸಿರೆಳೆಯುವವರೆಗೂ ಅವರ ಕುತೂಹಲ ಬತ್ತಲಿಲ್ಲ. ಅವರ ಬದುಕು ಸಂನ್ಯಾಸಿಯ ಬದುಕಾಗಿರಲಿಲ್ಲ. ಒಳ್ಳೆಯ ಕ್ಯಾಮೆರಾ ಅವರ ಪಾಲಿಗೆ ಅಗತ್ಯ, ಏಕೆಂದರೆ ಅದು ದಿನವೂ ಬಳಕೆಯಾಗುತ್ತಿತ್ತು. ಅದೇ ಕ್ಯಾಮೆರಾ ಕಪಾಟಿನಲ್ಲಿ ಕುಳಿತು ಅತಿಥಿಗಳ ಕಣ್ಣಿಗೆ ಬೀಳಲಿಕ್ಕಷ್ಟೇ ಇದ್ದರೆ ಹೊರೆ. ವಸ್ತು ಬಳಕೆಗೆ ಬೇಕೇ, ತೋರಿಕೆಗೆ ಬೇಕೇ ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಅಗತ್ಯ ಯಾವುದು, ಆಡಂಬರ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲೊಂದು ಆಕ್ಷೇಪ ಏಳುವುದು ನ್ಯಾಯವೇ ಆಗಿದೆ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕಾಫಿ ಕೊಯ್ದು, ಲೈನ್ ಮನೆಯ ಒಂದೆರಡು ಕೋಣೆಗಳಲ್ಲಿ ಬಾಳುವ ಕೂಲಿಯ ಹೆಣ್ಣುಮಗಳಿಗೆ ‘ಬೇಕುಗಳನ್ನು ಕಡಿಮೆ ಮಾಡು’ ಎಂದು ಉಪದೇಶಿಸುವುದು ಎಷ್ಟು ಸರಿ? ಖಂಡಿತ ಸರಿಯಲ್ಲ. ಅವಳ ಒತ್ತಡ ಆಡಂಬರದಿಂದ ಹುಟ್ಟಿದುದಲ್ಲ, ಕೊರತೆಯಿಂದ ಹುಟ್ಟಿದುದು. ಸೋರದ ಸೂರು, ಸಕಾಲದ ಕೂಲಿ, ಕಾಯಿಲೆ ಬಿದ್ದಾಗ ಮದ್ದು, ಮಗುವಿಗೆ ಶಾಲೆ, ವಾರಕ್ಕೊಂದು ದಿನ ವಿಶ್ರಾಂತಿ, ಇವೆಲ್ಲ ಅಗತ್ಯಗಳೇ. ಅಗತ್ಯದ ಬಾಳು ಎಂಬ ತತ್ತ್ವಕ್ಕೆ ಎರಡು ಮುಖಗಳಿವೆ. ಅಗತ್ಯವನ್ನು ಮೀರಿದವನಿಗೆ ಅದು ‘ನಿಲ್ಲು’ ಎನ್ನುತ್ತದೆ. ಅಗತ್ಯವೂ ದೊರೆಯದವಳಿಗೆ ‘ಇದು ನಿನ್ನ ಹಕ್ಕು’ ಎನ್ನುತ್ತದೆ. ಮೊದಲನೆಯದನ್ನು ಬಿಟ್ಟು ಬಡವರಿಗೆ ಮಾತ್ರ ತೃಪ್ತಿಯನ್ನು ಬೋಧಿಸುವುದು ಧರ್ಮದ ವೇಷ ತೊಟ್ಟ ಸ್ವಾರ್ಥ. ಧಣಿಯ ಮನೆಯಲ್ಲಿ ಆಡಂಬರ ಒಂದು ಹಿಡಿ ಕಡಿಮೆಯಾದರೆ ಲೈನ್ ಮನೆಯ ಮಾಡಿಗೆ ಹೊಸ ಹಂಚು ಬರಬಹುದು. ಆಗ ಎರಡು ಮನೆಗಳ ಒತ್ತಡವೂ ಒಟ್ಟಿಗೆ ತಗ್ಗುತ್ತದೆ.

ಹೀಗೆ ಬಾಳಿದರೆ ಉತ್ಸಾಹ ಕುಂದಿ ಪ್ರಗತಿ ನಿಂತುಹೋಗುವುದೆಂದು ಕೆಲವರು ಹೇಳುತ್ತಾರೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನ ಕೇಂದ್ರದ ಕೆಲಸವನ್ನು ನೆನೆದರೆ ಈ ಭಯ ಕಳೆಯುತ್ತದೆ. ರೋಗವನ್ನು ತಡೆಯುವ ತಳಿಗಳಿಗಾಗಿ ಅಲ್ಲಿ ತಲೆಮಾರುಗಳಿಂದ ಶ್ರಮ ನಡೆದಿದೆ. ಒಂದು ತಳಿಯ ಗುಣ ತಿಳಿಯಲು ಹಲವು ವರ್ಷ ಕಾಯಬೇಕು. ಅಂಥ ತಾಳ್ಮೆ, ನೆರೆಯವನನ್ನು ಮೀರಿಸಬೇಕೆಂಬ ಧಾವಂತದಿಂದ ಬರುವುದಲ್ಲ. ಕೆಲಸದ ಮೇಲಿನ ಪ್ರೀತಿಯಿಂದ ಬರುವುದು. ಬೇಕುಗಳ ಓಟದಿಂದ ಬಿಡುಗಡೆ ಪಡೆದ ಮನಸ್ಸು ಸೋಮಾರಿಯಾಗಬೇಕಿಲ್ಲ. ಅದಕ್ಕೆ ನಿಜವಾದ ಕೆಲಸಕ್ಕೆ ಬಿಡುವು ದೊರೆಯುತ್ತದೆ.

ಸಂತೋಷಕ್ಕೂ ಅಂಥದೇ ಬಿಡುವು ಬೇಕು. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿಯ ತೋಟಗಳು ಒಮ್ಮೆಗೇ ಬೆಳ್ಳಗೆ ಅರಳುತ್ತವೆ. ಮಲ್ಲಿಗೆಯನ್ನು ನೆನಪಿಸುವ ಪರಿಮಳ ಊರೆಲ್ಲ ಹರಡುತ್ತದೆ; ಜೇನ್ನೊಣಗಳ ಝೇಂಕಾರ ತುಂಬುತ್ತದೆ. ಕೆಲವೇ ದಿನಗಳಲ್ಲಿ ಹೂ ಬಾಡಿಹೋಗುತ್ತದೆ. ಆ ದಿನಗಳಲ್ಲಿ ಹೂವನ್ನು ನೋಡುತ್ತಲೇ ಇಷ್ಟು ಹೂವಿಗೆ ಎಷ್ಟು ಮೂಟೆ, ಎಷ್ಟು ಮೂಟೆಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕುವವನು ಹೂವನ್ನು ಕಂಡಂತಲ್ಲ. ಲೆಕ್ಕಕ್ಕೆ ಒಂದು ಹೊತ್ತು ಇರಲಿ; ಮನೆಯ ಮಕ್ಕಳನ್ನು ಕರೆದುಕೊಂಡು ಬೆಳ್ಳನೆಯ ತೋಟದಲ್ಲಿ ಸುಮ್ಮನೆ ನಡೆಯುವುದಕ್ಕೂ ಒಂದು ಹೊತ್ತು ಇರಲಿ. ಮಳೆಗಾಲದ ಸಂಜೆ ಒಲೆಯ ಮುಂದಿನ ಹರಟೆ, ಬಿಸಿ ಕಡುಬು, ರಾತ್ರಿಯಿಡೀ ಆಡುವ ಯಕ್ಷಗಾನ, ಭದ್ರೆಯ ದಂಡೆಯ ತಿರುಗಾಟ, ಇವುಗಳ ಬೆಲೆ ಯಾವ ಪೇಟೆಯಲ್ಲಿಯೂ ಏರಿಳಿಯುವುದಿಲ್ಲ.

ಕಳಸಕ್ಕೆ ಸಮೀಪದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರಿಗೆಲ್ಲ ಊಟವುಂಟು. ಸಾಲಿನಲ್ಲಿ ಕುಳಿತವರು ಸಿರಿವಂತರಾಗಲಿ ಬಡವರಾಗಲಿ, ಸ್ವಲ್ಪ ಹೊತ್ತಿನಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುತ್ತಾರೆ. ಹಣವನ್ನಾಗಲಿ ಒಡವೆಯನ್ನಾಗಲಿ ಕೊಟ್ಟರೆ ಆ ಮಾತು ಅಷ್ಟು ಸುಲಭವಾಗಿ ಬಾರದು. ಹೊಟ್ಟೆಗೆ ತಿಳಿದ ಅಳತೆ ಮನಸ್ಸಿಗೆ ತಾನಾಗಿ ತಿಳಿಯುವುದಿಲ್ಲ, ಅದನ್ನು ಕಲಿಸಬೇಕಾಗುತ್ತದೆ. ಕಲಿಸಲು ತಕ್ಕ ಕಾಲ ಬೆಲೆ ಕುಸಿದ ವರ್ಷವಲ್ಲ, ಕಣ ತುಂಬಿದ ವರ್ಷ.