ಲೆಕ್ಕಕ್ಕೆ ಸಿಕ್ಕ ಸುಳಿ

ಬಟ್ಟಲಿನ ನೀರಿಗೆ ಒಂದು ಚಿಟಿಕೆ ಚಹಾ ಪುಡಿ ಹಾಕಿ, ಅದು ತಳಕ್ಕಿಳಿದ ಮೇಲೆ ಚಮಚದಿಂದ ಗರಗರನೆ ತಿರುಗಿಸಿ ಕೈ ತೆಗೆಯಿರಿ. ಪುಡಿ ಎಲ್ಲಿಗೆ ಸರಿಯಬೇಕು? ತಿರುಗುವ ವಸ್ತು ಕೇಂದ್ರದಿಂದ ದೂರ ಹೋಗಬಯಸುತ್ತದೆಂಬ ತಿಳಿವಳಿಕೆಯಿಂದ, ಅದು ಅಂಚಿಗೆ ಸೇರುವುದೆಂದೇ ನಾವು ಹೇಳುತ್ತೇವೆ. ಆದರೆ ಪುಡಿಯು ತಳದ ನಟ್ಟನಡುವೆ ಗುಂಪುಗೂಡುತ್ತದೆ. 1926ರಲ್ಲಿ ಐನ್‌ಸ್ಟೈನರು ಈ ಚಿಕ್ಕ ಸಂಗತಿಯ ಕಾರಣವನ್ನು ವಿವರಿಸಿದರು.

ಬಟ್ಟಲಿನ ತಳವು ತನಗೆ ತಗುಲಿದ ನೀರನ್ನು ಘರ್ಷಣೆಯಿಂದ ತಡೆಯುತ್ತದೆ. ಮೇಲಿನ ನೀರು ವೇಗವಾಗಿ ತಿರುಗುವುದರಿಂದ ಅಂಚಿನಲ್ಲಿ ಒತ್ತಡ ಹೆಚ್ಚುತ್ತದೆ. ವೇಗ ಕಳೆದುಕೊಂಡ ತಳದ ನೀರು ಆ ಒತ್ತಡವನ್ನು ಎದುರಿಸಲಾರದೆ ಒಳಮುಖವಾಗಿ ಹರಿದು, ಪುಡಿಯನ್ನು ನಡುವಿಗೆ ಸೇರಿಸಿ, ತಾನು ಮೇಲೇರುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಮಾಡಿದವನ ಕೂಡುವುದರಲ್ಲಿಯಾಗಲಿ ಕಳೆಯುವುದರಲ್ಲಿಯಾಗಲಿ ಒಂದು ತಪ್ಪೂ ಇಲ್ಲದಿರಬಹುದು. ಆದರೂ ಅವನ ಉತ್ತರ ಸುಳ್ಳಾಗುತ್ತದೆ.

ದ್ರವಗಳ ಚಲನೆಯ ಸಮೀಕರಣಗಳನ್ನು ನೇವಿಯೆ ಮತ್ತು ಸ್ಟೋಕ್ಸ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿಯೇ ರೂಪಿಸಿದರು. ಆದರೆ ಸುಳಿಯಂತಹ ಪ್ರವಾಹಗಳಿಗೆ ಅವನ್ನು ಕಾಗದದ ಮೇಲೆ ಬಿಡಿಸುವುದು ಬಹುಮಟ್ಟಿಗೆ ಅಸಾಧ್ಯ. ಆದುದರಿಂದ ಪಾತ್ರೆಯನ್ನು ಚಿಕ್ಕ ಚಿಕ್ಕ ಮನೆಗಳಾಗಿ ಭಾಗಿಸಿದಂತೆ ಕಲ್ಪಿಸಿಕೊಂಡು, ಪ್ರತಿಯೊಂದು ಮನೆಯ ನೀರಿನ ವೇಗವನ್ನೂ ಒತ್ತಡವನ್ನೂ ಕ್ಷಣಕ್ಷಣಕ್ಕೆ ಗಣಕಯಂತ್ರದಿಂದ ಎಣಿಸುತ್ತಾರೆ. ಇದೇ ಸಾಂಖ್ಯಿಕ ಅನುಕರಣೆ. ಎಲ್ಲ ಬದಿಗಳೂ 10 ಸೆಂಟಿಮೀಟರ್ ಇರುವ ಪಾತ್ರೆಯನ್ನು 1 ಸೆಂಟಿಮೀಟರಿನ ಮನೆಗಳಾಗಿ ಭಾಗಿಸಿದರೆ 1,000 ಮನೆಗಳಾಗುತ್ತವೆ. 1 ಮಿಲಿಮೀಟರಿನ ಮನೆಗಳಾದರೆ 10 ಲಕ್ಷ. ತಳದ ನಿಧಾನಗತಿಯ ಪದರವಾದರೋ ಕೆಲವೇ ಮಿಲಿಮೀಟರ್ ದಪ್ಪದ್ದು. ದೊಡ್ಡ ಕಣ್ಣಿನ ಬಲೆಯಿಂದ ಸಣ್ಣ ಮೀನು ನುಸುಳುವಂತೆ, ದೊಡ್ಡ ಮನೆಗಳ ಲೆಕ್ಕದಿಂದ ಆ ಪದರವು ತಪ್ಪಿಸಿಕೊಳ್ಳುತ್ತದೆ.

ಹಾಗೆಂದು ಲೆಕ್ಕವನ್ನೇ ತಿರಸ್ಕರಿಸಲಾದೀತೆ? ಬಳ್ಳಾರಿಯ ಸಮೀಪದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲಿನಿಂದ ನಡೆಯುವ ಸ್ಥಾವರಗಳ ಕುಲುಮೆಗಳಲ್ಲಿ ಕಲ್ಲಿದ್ದಲ ಪುಡಿಯನ್ನು ಗಾಳಿಯೊಡನೆ ಸುಳಿಯಾಗಿ ತಿರುಗಿಸಿ ಉರಿಸುವುದುಂಟು. ಆ ಉರಿಯು ಗೋಡೆಯತ್ತ ಸರಿದರೆ ನೀರು ಹರಿಯುವ ಕೊಳವೆಗಳು ಕೆಡುತ್ತವೆ. ಪುಡಿಯು ಪೂರ್ತಿಯಾಗಿ ಉರಿಯದಿದ್ದರೆ ಇಂಧನವು ಬೂದಿಯೊಡನೆ ವ್ಯರ್ಥವಾಗುತ್ತದೆ. ಸಾವಿರ ಡಿಗ್ರಿಗೂ ಮೀರಿದ ಬೆಂಕಿಯೊಳಗೆ ಇಣುಕಿ ನೋಡುವವರಾರು? ಇಂತಹ ಎಡೆಯಲ್ಲಿ ಲೆಕ್ಕವೇ ನಮಗೆ ಕಣ್ಣಾಗಬೇಕು.

ಈ ಅಗತ್ಯವನ್ನು ನಮ್ಮ ನಾಡಿನ ವಿಜ್ಞಾನಿಗಳು ಬಹು ಹಿಂದೆಯೇ ಮನಗಂಡರು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೊಸಾಲ್ವರ್’ ಎಂಬ ಗಣಕವು ರೂಪುಗೊಂಡಿತು. ದ್ರವ ಹಾಗೂ ಅನಿಲಗಳ ಪ್ರವಾಹದ ಒಂದೇ ಲೆಕ್ಕವನ್ನು ಹಲವು ಭಾಗಗಳು ಹಂಚಿಕೊಂಡು ಏಕಕಾಲದಲ್ಲಿ ಬಿಡಿಸುವ, ದೇಶದ ಮೊದಲ ಸಮಾಂತರ ಗಣಕವದು. ಆದರೂ ಆ ಸಂಸ್ಥೆಯು ತನ್ನ ಗಾಳಿಸುರಂಗಗಳನ್ನು ಮುಚ್ಚಲಿಲ್ಲ. ವಿಮಾನಗಳ ಮಾದರಿಗಳನ್ನು ಅಲ್ಲಿ ಗಾಳಿಗೊಡ್ಡಿ ಪರೀಕ್ಷಿಸುವ ಕೆಲಸವೂ ಜೊತೆಜೊತೆಗೆ ನಡೆದುಬಂದಿದೆ.

ಗಣಕವೇ ಉತ್ತರ ಕೊಟ್ಟ ಮೇಲೆ ದುಬಾರಿಯಾದ ಪ್ರಯೋಗವೇಕೆ ಎಂದು ಕೇಳುವವರಿದ್ದಾರೆ. ಗಣಕವು ನಾವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತದೆಯೇ ಹೊರತು ನಾವು ಕೇಳಲು ಮರೆತುದನ್ನು ನೆನಪಿಸುವುದಿಲ್ಲ. ನೆನಪಿಸುವುದು ಪ್ರಯೋಗ. ಕುಲುಮೆಯೊಳಗೆ ಇಣುಕಲಾಗದಿದ್ದರೂ ಬೂದಿಯಲ್ಲಿ ಉಳಿದ ಇಂಗಾಲವನ್ನು ಅಳೆದು ಲೆಕ್ಕದೊಡನೆ ಹೋಲಿಸಬಹುದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಪರದೆಯ ಮೇಲೆ ಬಣ್ಣಬಣ್ಣವಾಗಿ ಮೂಡುವ ಸುಳಿಯಂತೂ ಪ್ರತ್ಯಕ್ಷವೂ ಅಲ್ಲ. ಆದುದರಿಂದ ಮುಂದೆ ಗಣಕದೊಡನೆ ದುಡಿಯಲಿರುವ ವಿದ್ಯಾರ್ಥಿಗಳು ಪ್ರತಿಯೊಂದು ಉತ್ತರದ ಮುಂದೆಯೂ ಮೂರು ಪ್ರಶ್ನೆಗಳನ್ನಿಡುವುದು ಒಳ್ಳೆಯದು: ಈ ಲೆಕ್ಕದಲ್ಲಿ ಯಾವುದನ್ನು ಬಿಡಲಾಗಿದೆ? ಮನೆಗಳು ಸಾಕಷ್ಟು ಚಿಕ್ಕವಾಗಿವೆಯೆ? ಯಾವ ಅಳತೆಯೊಡನೆ ಇದನ್ನು ಹೋಲಿಸಿ ನೋಡಿದ್ದಾರೆ?