ಸದ್ದೇ ಶಕ್ತಿಯೆ?

ನಮ್ಮ ಲೋಕಾಪುರದ ಬಸ್ ನಿಲ್ದಾಣದ ಬಳಿ ಸಂಜೆಯ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಕಣ್ಣು ಮುಚ್ಚಿಕೊಂಡೇ ಯಾರ ಗಾಡಿ ಬಂದಿತೆಂದು ಹೇಳಬಹುದು. ಒಬ್ಬನದು ಪಟಾಕಿ ಸಿಡಿದಂತೆ, ಇನ್ನೊಬ್ಬನದು ಗುಡುಗಿದಂತೆ. ಕಾರ್ಖಾನೆಯವರು ಕೊಟ್ಟ ಸೈಲೆನ್ಸರನ್ನು ಬಿಚ್ಚಿಸಿ ಬೇರೊಂದನ್ನು ಹಾಕಿಸಿಕೊಳ್ಳದವನು ತರುಣನೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರುತ್ತಿದೆ. ಏಕೆಂದು ಕೇಳಿದರೆ, "ಸದ್ದಿಗಲ್ಲ, ಪಿಕಪ್ಪಿಗೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿ, ಯಂತ್ರಶಾಸ್ತ್ರದ ಪಂಡಿತನಲ್ಲ. ಆದರೆ ಈ ತಪ್ಪನ್ನು ಸ್ವತಃ ಮಾಡಿದವನಾದ್ದರಿಂದ ಎರಡು ಮಾತು ಆಡುವ ಅಧಿಕಾರ ನನಗಿದೆಯೆಂದು ತಿಳಿದಿದ್ದೇನೆ.

ನಮ್ಮ ಅಣ್ಣನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಅದರ ಎಂಜಿನ್ನಿನ ಬಲ 20.2 ಅಶ್ವಶಕ್ತಿ. "ಈ ಸೈಲೆನ್ಸರ್ ಹಾಕ್ರಿ, ಎರಡು ಅಶ್ವಶಕ್ತಿ ಏರತೈತಿ" ಎಂದು ಒಬ್ಬ ಮಿಸ್ತ್ರಿ ಹೇಳಿದ. ರಜೆಯಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿದು ಕೂಡಿಟ್ಟ ನನ್ನ ಹಣವನ್ನೂ ಅಣ್ಣನ ಹಣಕ್ಕೆ ಸೇರಿಸಿ ಕೊಂಡೆವು. ಊರೊಳಗೆ ಮೊದಲ ಸುತ್ತು ಹೊಡೆದಾಗ ಗಾಡಿ ಹಾರಿದಂತೆಯೇ ಅನಿಸಿತು. ಹಿಂದೆ ಕುಳಿತ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ!

ಆದರೆ ಅನಿಸುವುದು ಬೇರೆ, ಅಳೆಯುವುದು ಬೇರೆ. ನಮ್ಮ ಭಾಗದ ತೆರಬಂಡಿ ಶರ್ಯತ್ತನ್ನು ಯಾರು ನೋಡಿಲ್ಲ? ಭಾರದ ಬಂಡಿಯನ್ನು ಗೊತ್ತುಪಡಿಸಿದ ವೇಳೆಯಲ್ಲಿ ಎತ್ತುಗಳು ಎಷ್ಟು ದೂರ ಎಳೆದವೆಂಬುದನ್ನು ಹಿರಿಯರು ಅಳೆದು ತೀರ್ಪು ಕೊಡುತ್ತಾರೆ. ಕೊರಳ ಗೆಜ್ಜೆಯ ಸದ್ದಿಗೆ ಬಹುಮಾನ ಕೊಟ್ಟವರನ್ನು ನಾನು ಕಾಣೆ. ಭಾರ, ದೂರ, ಕಾಲ ಇವು ಮೂರೇ ಅಲ್ಲಿನ ಸಾಕ್ಷಿಗಳು. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ಮಾಡಿದ್ದೂ ಇದನ್ನೇ. ಒಂದು ನಿಮಿಷದಲ್ಲಿ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಬಲಕ್ಕೆ ಆತ ಒಂದು ಅಶ್ವಶಕ್ತಿಯೆಂದು ಹೆಸರಿಟ್ಟ. ಅದು ಈಗಿನ ಲೆಕ್ಕದಲ್ಲಿ ಸುಮಾರು 746 ವ್ಯಾಟ್. 1821ರಲ್ಲಿ ಫ್ರಾನ್ಸಿನ ಪ್ರೋನಿ ಎಂಬಾತ ತಿರುಗುವ ಗಾಲಿಗೆ ಬ್ರೇಕು ಹಿಡಿದು ಎಂಜಿನ್ನಿನ ಬಲವನ್ನು ಅಳೆಯುವ ಸಾಧನವನ್ನು ರಚಿಸಿದ. ಇಂದು ಬೆಲೆಬಾಳುವ ಸ್ಪೋರ್ಟ್ಸ್ ಕಾರುಗಳ ಗಾಲಿಗಳನ್ನು ಉರುಳೆಯ ಮೇಲೆ ಓಡಿಸಿ ಅಳೆಯುವ ಡೈನಮೋಮೀಟರುಗಳು ಅದರ ಸಂತತಿಯೇ. ಇವುಗಳಲ್ಲಿ ಯಾವುದಕ್ಕೂ ಕಿವಿಯಿಲ್ಲವೆಂಬುದನ್ನು ಗಮನಿಸಬೇಕು.

ಹಾಗಾದರೆ ಸೈಲೆನ್ಸರಿನಿಂದ ಬಲ ಹೆಚ್ಚುವುದೇ ಇಲ್ಲವೆ? ಹಾಗೆಂದರೆ ಅನ್ಯಾಯವಾದೀತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆಕೊಳವೆ ಎಂಜಿನ್ನಿನದೇ ಒಂದು ಅಂಗ. ಹೊರಟ ಒತ್ತಡದ ಅಲೆ ಕೊಳವೆಯ ತುದಿಯಿಂದ ಮರಳಿ ಬಂದು, ಹೊರಗೆ ಸೋರುತ್ತಿದ್ದ ಹೊಸ ಇಂಧನವನ್ನು ಒಳಕ್ಕೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಈ ಅಲೆಗಳ ಲೆಕ್ಕ ಹಾಕಿ, ಬರಿಯ 125 ಸಿ.ಸಿ. ಎಂಜಿನ್ನಿನಿಂದ ಸುಮಾರು 25 ಅಶ್ವಶಕ್ತಿ ಪಡೆದ. 1961ರಲ್ಲಿ ಅಲ್ಲಿನ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಈ ವಿದ್ಯೆಯೊಂದಿಗೆ ಜಪಾನಿನ ಸುಜುಕಿಯನ್ನು ಸೇರಿದ. ಮರುವರ್ಷವೇ 50 ಸಿ.ಸಿ. ವರ್ಗದ ವಿಶ್ವಪದವಿ ಸುಜುಕಿಗೆ ಬಂದಿತು. ಕೊಳವೆಯ ಆಕಾರಕ್ಕೆ ಅಷ್ಟು ಬೆಲೆ! 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳೂ ಎರಡು ಸ್ಟ್ರೋಕಿನವೇ. ಅಂಥ ಗಾಡಿಯ ಕೊಳವೆಯನ್ನು ಮನಬಂದಂತೆ ಕೊಯ್ದರೆ ಸದ್ದು ಏರಿ ಬಲ ಇಳಿಯುವ ಸಂಭವವೇ ಹೆಚ್ಚು.

ನಾಲ್ಕು ಸ್ಟ್ರೋಕಿನ ಗಾಡಿಯ ಮಾತು ಬೇರೆ. ಹೊಗೆಗೆ ದಾರಿ ಸರಾಗವಾದರೆ ಎಂಜಿನ್ನಿನ ಶ್ರಮ ಕೊಂಚ ಕಡಿಮೆಯಾಗುವುದು ನಿಜ. ಪಂದ್ಯದ ಕಾರುಗಳಲ್ಲಿ ಕೊಳವೆಯ ಜೊತೆಗೆ ಗಾಳಿ, ಇಂಧನಗಳ ಪ್ರಮಾಣವನ್ನೂ ಹೊಂದಿಸಿ ಲಾಭ ಪಡೆಯುತ್ತಾರೆ. ನಾವು ಹೊಂದಿಸಿದ್ದು ಏನೂ ಇಲ್ಲ. ಬಿಚ್ಚಿದ್ದು, ಹಾಕಿದ್ದು, ಅಷ್ಟೆ. ಹೊಸದು ಮೂರು ಕಿಲೋ ಹಗುರವೆಂದೇ ಇಟ್ಟುಕೊಳ್ಳೋಣ. 195 ಕಿಲೋ ಗಾಡಿ, 75 ಕಿಲೋ ಸವಾರ, ಒಟ್ಟು 270 ಕಿಲೋದಲ್ಲಿ ಅದು ನೂರಕ್ಕೆ ಒಂದು ಪಾಲು. ಸವಾರನೇ ಊಟ ಕಡಿಮೆ ಮಾಡಿದರೆ ಇದಕ್ಕಿಂತ ಅಗ್ಗದಲ್ಲಿ ಸಾಧಿಸಬಹುದು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನೂ ಅಣ್ಣನೂ ಅಳೆದೇ ನೋಡೋಣವೆಂದು ಹೊರಟೆವು. ಊರ ಹೊರಗಿನ ಸಮತಟ್ಟಾದ ರಸ್ತೆ, ಮೂರನೆಯ ಗೇರು. ಗಂಟೆಗೆ 30 ಕಿ.ಮೀ. ವೇಗದಿಂದ 60ಕ್ಕೆ ಏರಲು ಹಿಡಿಯುವ ಕಾಲವನ್ನು ಹಿಂದೆ ಕುಳಿತು ನಾನು ಗುರುತು ಮಾಡಿಕೊಂಡೆ. ಮೊದಲ ದಿನ ಮಧ್ಯಾಹ್ನ ಹಳೆಯ ಸೈಲೆನ್ಸರು, ಮರುದಿನ ನಸುಕಿನಲ್ಲಿ ಹೊಸದು. ಹೊಸದೇ ಗೆದ್ದಿತು, ಕುಣಿದಾಡಿದೆವು. ಆದರೆ ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರು ಕಾಗದ ನೋಡಿ ಒಂದೇ ಪ್ರಶ್ನೆ ಕೇಳಿದರು: "ಗೆದ್ದದ್ದು ಸೈಲೆನ್ಸರೋ, ನಸುಕೋ?" ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. 15 ಡಿಗ್ರಿಯ ಗಾಳಿಗಿಂತ 35 ಡಿಗ್ರಿಯ ಗಾಳಿ ನೂರಕ್ಕೆ 6 ಪಾಲಿಗೂ ಮಿಕ್ಕು ತೆಳು. ಉಸಿರು ಕಡಿಮೆಯಾದಂತೆ ಎಂಜಿನ್ನಿನ ಬಲವೂ ಕುಗ್ಗುತ್ತದೆ. 20 ಅಶ್ವಶಕ್ತಿಯಲ್ಲಿ ಸುಮಾರು ಒಂದು ಅಶ್ವಶಕ್ತಿ ಹವೆಯೇ ಕೊಟ್ಟು ಹವೆಯೇ ಕಸಿಯುವ ಮಾತು. ಡೈನಮೋಮೀಟರಿನಲ್ಲಿ ಅಳೆಯುವವರು ಹವೆಯ ಲೆಕ್ಕವನ್ನು ಸರಿದೂಗಿಸುವುದು ಇದಕ್ಕಾಗಿಯೇ.

ಎರಡನೆಯ ಸಲ ಒಂದೇ ಬೆಳಗ್ಗೆ, ಒಂದೇ ರಸ್ತೆಯಲ್ಲಿ, ಗಾಳಿ ಬೀಸುವ ದಿಕ್ಕಿನ ಲೆಕ್ಕ ಸರಿಹೋಗಲೆಂದು ಹೋಗುತ್ತ ಐದು ಸಲ, ಬರುತ್ತ ಐದು ಸಲ, ಎರಡೂ ಸೈಲೆನ್ಸರುಗಳಿಂದ ಅಳೆದೆವು. ಒಂದೇ ಸೈಲೆನ್ಸರಿನ ಹತ್ತು ಓಟಗಳಲ್ಲಿ ಕಂಡ ಏರುಪೇರು, ಹಳೆಯದಕ್ಕೂ ಹೊಸದಕ್ಕೂ ನಡುವೆ ಕಂಡ ಅಂತರಕ್ಕಿಂತ ದೊಡ್ಡದಾಗಿತ್ತು. ಎಂದರೆ, ನಾವು ಕೊಂಡ ಎರಡು ಅಶ್ವಶಕ್ತಿ ನಮ್ಮ ಗಡಿಯಾರದ ಕಣ್ಣಿಗೆ ಬೀಳಲೇ ಇಲ್ಲ. ಸದ್ದು ಮಾತ್ರ ಇಡೀ ಓಣಿಗೆ ಬಿದ್ದಿತ್ತು.

ನಮ್ಮ ಸೋದರಮಾವ ಬನಹಟ್ಟಿಯವರು. ವಿದ್ಯುತ್ ಮಗ್ಗಗಳ ನಡುವೆ ಬಾಳು ಸವೆಸಿ ಕಿವಿ ಮಂದವಾಗಿದೆ. ಪಕ್ಕದಲ್ಲಿ ಕುಳಿತು ಕೂಗಿದರೂ ಎರಡು ಸಲ ಹೇಳಬೇಕು. ಅವರ ಮನೆಗೆ ಅದೇ ಗಾಡಿಯ ಮೇಲೆ ಹೋದಾಗ, ನಾವು ಬಾಗಿಲು ಬಡಿಯುವ ಮೊದಲೇ ಹೊರಗೆ ಬಂದು ನಿಂತಿದ್ದರು. "ಅಳಿಯಾ, ನಿಮ್ಮ ಗಾಡಿ ನನಗs ಕೇಳಿಸ್ತು ಅಂದ್ರ ಉಳಿದವ್ರ ಗತಿ ಏನೋ?" ಎಂದರು. ನಾವು ನಕ್ಕೆವು, ಅವರು ನಗಲಿಲ್ಲ. "ನಂದು ಹೊಟ್ಟಿಪಾಡಿಗೆ ಹೋದ ಕಿವಿ. ನೀವು ರೊಕ್ಕಾ ಕೊಟ್ಟು ಕಳಕೋತೀರೇನು?" ಎಂದು ಕೇಳಿದರು. ನಾನು ಓದಿದ ಯಾವ ಪುಸ್ತಕದಲ್ಲೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಮರುವಾರವೇ ಹಳೆಯ ಸೈಲೆನ್ಸರು ತನ್ನ ಜಾಗಕ್ಕೆ ಮರಳಿತು. ಕೊಟ್ಟ ಹಣ ಮರಳಲಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 175 ಸಿ.ಸಿ. ಮೀರಿದ ಮೋಟಾರ್ ಸೈಕಲ್ಲಿಗೆ 80 ಡೆಸಿಬೆಲ್ಲಿನ ಮಿತಿಯಿದೆ. ಹತ್ತು ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತೆಂದೇ ಅರ್ಥ. 2000ದ ಶಬ್ದಮಾಲಿನ್ಯ ನಿಯಮಗಳಂತೆ ಶಾಲೆ, ಕಾಲೇಜು, ಆಸ್ಪತ್ರೆಗಳ ಸುತ್ತಲಿನ 100 ಮೀಟರುಗಳನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. 2019ರ ತಿದ್ದುಪಡಿಯ ನಂತರ ಶಬ್ದದ ನಿಯಮ ಮುರಿದವನಿಗೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೋಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹಾಯಿಸಿದ್ದೂ ಉಂಟು. ಆದರೆ ದಂಡದ ಭಯದಿಂದ ಬಂದ ಮೌನಕ್ಕಿಂತ ತಿಳಿವಳಿಕೆಯಿಂದ ಬಂದ ಮೌನವೇ ವಿದ್ಯಾರ್ಥಿಗೆ ಶೋಭೆ ತರುವಂಥದು.

ಆದ್ದರಿಂದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ಹಣ ಕೊಡುವ ಮುನ್ನ ಅಳೆದು ತೋರಿಸೆಂದು ಕೇಳಿರಿ. ಮುಂಚೆ ಎಷ್ಟು, ಆಮೇಲೆ ಎಷ್ಟು, ಯಾವ ಹವೆಯಲ್ಲಿ, ಎಷ್ಟು ಸಲ? ಈ ನಾಲ್ಕು ಪ್ರಶ್ನೆಗಳಿಗೆ ನಿಲ್ಲದ ಮಾತನ್ನು ನಂಬಬೇಡಿರಿ. ಸೈಲೆನ್ಸರಿಗಷ್ಟೇ ಅಲ್ಲ, ಧ್ವನಿವರ್ಧಕದ ಮುಂದೆ ನಿಂತು ದೊಡ್ಡದಾಗಿ ಕೂಗುವ ಎಲ್ಲರಿಗೂ ಈ ಪ್ರಶ್ನೆಗಳನ್ನೇ ಕೇಳಬಹುದು. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ನಮ್ಮ ಹಿರಿಯರದು. ಅಳೆದು ನೋಡಿದ ಮೇಲೆ ಆ ಗಾದೆಯನ್ನು ನಾನು ಮೊದಲಿಗಿಂತ ಹೆಚ್ಚು ನಂಬುತ್ತೇನೆ.